ಅಂಗಡಿ ಮಾಡಿನ ಕಲೆ: ಬಣ್ಣ ಬಳಿಯುವ ಮೊದಲು ಕಾರಣ ಹುಡುಕಿ

ಕಾಸರಗೋಡು: ಮಳೆಗಾಲ ಮುಗಿದು ಬಿಸಿಲು ಬಿತ್ತೆಂದರೆ ಮಂಜೇಶ್ವರದಿಂದ ಕಾಸರಗೋಡಿನ ತನಕ ಪೇಟೆಯ ಕಟ್ಟಡಗಳ ಮಾಡು ಒಂದೊಂದು ಬಣ್ಣ ತೋರಿಸುತ್ತದೆ. ಹೆಂಚು ಕಪ್ಪು, ತಾರಸಿ ಹಸಿರು, ಶೀಟಿನ ಮೇಲೆ ಕಂದು ಗೆರೆ. 'ಈ ಮಳೆಗೆ ಕಪ್ಪಾಗದೆ ಇರ್ತದಾ?' ಎಂದು ಒಂದು ಕೋಟು ಬಣ್ಣ ಬಳಿಸಿ ಸುಮ್ಮನಾಗುವವರೇ ಹೆಚ್ಚು. ಮರುವರ್ಷ ಅದೇ ಜಾಗದಲ್ಲಿ ಅದೇ ಕಲೆ. ಅಂಗಡಿಯವರು ಕಟ್ಟಡದ ಮಾಲಕರನ್ನು ದೂರುತ್ತಾರೆ, ಮಾಲಕರು ಮೇಸ್ತ್ರಿಯನ್ನು.

ಎಲ್ಲ ಕಲೆಯೂ ಒಂದೇ ಅಲ್ಲ. ಕೆಲವು ನೋಡಲು ಮಾತ್ರ ಚೆಂದ ಇಲ್ಲ. ಕೆಲವು ಕಟ್ಟಡದ ಆಯುಸ್ಸನ್ನೇ ತಿನ್ನುತ್ತಿರುತ್ತವೆ.

ಕಪ್ಪು ಮತ್ತು ಹಸಿರು

ವರ್ಷಕ್ಕೆ 3,000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಊರು ನಮ್ಮದು. ನೀರು ಹೀರಿಕೊಳ್ಳುವ ಮಣ್ಣಿನ ಹೆಂಚು, ಸಿಮೆಂಟ್ ಎರಡೂ ಪಾಚಿಗೆ ಒಳ್ಳೆಯ ನೆಲೆ. ಮರದ ನೆರಳು ಬೀಳುವ ಕಡೆ, ಬಿಸಿಲು ಕಡಿಮೆ ಇರುವ ಕಡೆ ಇದು ಬೇಗ ಹಬ್ಬುತ್ತದೆ. ಕಪ್ಪು ಗೆರೆಗಳೂ ಹೆಚ್ಚಾಗಿ ಕೊಳೆಯಲ್ಲ, ಸೂಕ್ಷ್ಮಜೀವಿಗಳೇ. ಬಿಸಿಲಿನಿಂದ ರಕ್ಷಣೆಗೆ ಅವು ಕಪ್ಪು ಬಣ್ಣದ ಕವಚ ಕಟ್ಟಿಕೊಳ್ಳುತ್ತವೆ.

ಹೋಟೆಲು, ಬೇಕರಿಗಳ ಹೊಗೆ ಕೊಳವೆಯ ಪಕ್ಕದ ಕಪ್ಪು ಮಾತ್ರ ಬೇರೆ. ಅದು ಎಣ್ಣೆ ಮಸಿ. ಗುರುತಿಸಲು ಸುಲಭ ದಾರಿ ಇದೆ: ಸಿಮೆಂಟಿನ ಮೇಲಿನ ಕಲೆಗೆ ಬ್ಲೀಚಿಂಗ್ ಪೌಡರಿನ ತಿಳಿ ನೀರು ನಾಲ್ಕು ಹನಿ ಬಿಡಿ. ಸ್ವಲ್ಪ ಹೊತ್ತಿನಲ್ಲಿ ಬಣ್ಣ ಇಳಿದರೆ ಪಾಚಿ, ಇಳಿಯದಿದ್ದರೆ ಮಸಿಯೋ ಧೂಳೋ ಇರಬಹುದು.

ತಾರಸಿಯಲ್ಲಿ ಉಂಗುರದಂತೆ ಕಲೆ ಬಿದ್ದಿದ್ದರೆ ಅಲ್ಲಿ ನೀರು ನಿಲ್ಲುತ್ತಿದೆ ಎಂದರ್ಥ. ಇಳಿಜಾರು ಸಾಲದು, ಇಲ್ಲವೇ ಪೈಪಿನ ಬಾಯಿಗೆ ತರಗೆಲೆ ಕಟ್ಟಿಕೊಂಡಿದೆ.

ಬಿಳಿ

ಸ್ಲ್ಯಾಬಿನ ಅಡಿಯಲ್ಲಿ ಬಿಳಿ ಗೆರೆ ಕಂಡರೆ ಸುಣ್ಣ ಬಳಿದದ್ದು ಚೆಲ್ಲಿದೆ ಎಂದುಕೊಳ್ಳಬೇಡಿ. ಬಿರುಕಿನಲ್ಲಿ ಇಳಿದ ನೀರು ಕಾಂಕ್ರೀಟಿನೊಳಗಿನ ಸುಣ್ಣವನ್ನು ಕರಗಿಸಿ ಹೊರಗೆ ತಂದಿದೆ, ಗಾಳಿ ತಾಗಿ ಅದು ಗಟ್ಟಿಯಾಗಿದೆ. ಅಡಿಯಿಂದ ಬಣ್ಣ ಹಚ್ಚಿ ಪ್ರಯೋಜನವಿಲ್ಲ, ಮೇಲಿನ ಬಿರುಕು ಮುಚ್ಚಬೇಕು. ಸತು ಲೇಪದ ಹೊಸ ಶೀಟಿನಲ್ಲಿ ಬಿಳಿ ಪುಡಿ ಇದ್ದರೆ, ಒದ್ದೆಯಾಗಿಯೇ ಒಂದರ ಮೇಲೊಂದು ಪೇರಿಸಿಟ್ಟಿದ್ದರು ಎಂದು ತಿಳಿಯಬಹುದು.

ಕಂದು: ಉದಾಸೀನ ಬೇಡ

ಶೀಟಿನ ಮೇಲಿನ ಕಂದು ಚುಕ್ಕೆಗೆ ಹಲವು ಸಲ ಕೆಲಸದವರು ಕೊರೆಯುವಾಗ ಬಿದ್ದ ಕಬ್ಬಿಣದ ಪುಡಿ ಕಾರಣ. ಆ ದಿನವೇ ಗುಡಿಸಿದ್ದರೆ ಸಾಕಿತ್ತು. ತುಕ್ಕು ಹಿಡಿದ ಸ್ಕ್ರೂ, ಟ್ಯಾಂಕಿನ ಸ್ಟ್ಯಾಂಡು ಕೂಡ ಗೆರೆ ಇಳಿಸುತ್ತವೆ. ಎಸಿಯ ತಾಮ್ರದ ಕೊಳವೆಯಿಂದ ತೊಟ್ಟಿಕ್ಕುವ ನೀರನ್ನು ಸತುವಿನ ಲೇಪದ ಶೀಟಿಗೆ ಬಿಡಲೇಬಾರದು, ಬಿದ್ದ ಜಾಗದಲ್ಲಿ ಲೇಪ ಸವೆಯುತ್ತದೆ.

ಆದರೆ ಸ್ಲ್ಯಾಬಿನ ಅಡಿಯಲ್ಲಿ ಕಂದು ಕಲೆ ಬಂದರೆ ಒಳಗಿನ ಸರಳು ತುಕ್ಕು ಹಿಡಿದಿರುವ ಸಾಧ್ಯತೆ ಹೆಚ್ಚು. ಕಡಲ ಗಾಳಿಯ ಉಪ್ಪು ಇದಕ್ಕೆ ಇನ್ನಷ್ಟು ಇಂಬು ಕೊಡುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಕಾಂಕ್ರೀಟು ಒಳಗಿನಿಂದಲೇ ಸೀಳುತ್ತದೆ. ಒಂದು ದಿನ ಗಾರೆಯ ತುಂಡು ಕೆಳಗೆ ಬೀಳುತ್ತದೆ, ಅಂಗಡಿಗೆ ಬಂದ ಗಿರಾಕಿಯ ತಲೆಗೂ ಬೀಳಬಹುದು. ಇಂಥ ಕಲೆ ಕಂಡರೆ ಅದರ ಅಡಿಯಲ್ಲಿ ಜನ ನಿಲ್ಲದಂತೆ ನೋಡಿಕೊಂಡು ಎಂಜಿನಿಯರರಿಗೆ ತೋರಿಸಿ. ಬಾಡಿಗೆ ಒಪ್ಪಂದದಲ್ಲಿ ದುರಸ್ತಿ ಯಾರದ್ದು ಎಂಬ ಜಗಳ ಆಮೇಲೆ ಆಗಲಿ.

ತೊಳೆಯುವಾಗ ಎಚ್ಚರ

* ಲೋಹದ ಶೀಟಿಗೆ ಬ್ಲೀಚಿಂಗ್ ಪೌಡರ್, ತಂತಿ ಬ್ರಷ್ ಬೇಡ. ಲೇಪ ಹೋದರೆ ತುಕ್ಕು ಖಂಡಿತ.
* ಹಳೆಯ ಆಸ್ಬೆಸ್ಟಾಸ್ ಶೀಟನ್ನು ಕೆರೆಯಬೇಡಿ, ಅದರ ನಾರಿನ ಧೂಳು ಶ್ವಾಸಕೋಶಕ್ಕೆ ಅಪಾಯ. ಅದರ ಮೇಲೆ ನಡೆಯಲೂ ಬೇಡಿ, ಮುರಿದು ಬೀಳುತ್ತದೆ.
* ಮಳೆನೀರು ಟ್ಯಾಂಕಿಗೆ ಹೋಗುವಂತಿದ್ದರೆ ತೊಳೆಯುವ ಮೊದಲು ಪೈಪು ತಪ್ಪಿಸಿ.
* ಮಾಡು ಪೂರ್ತಿ ಒಣಗದೆ ಬಣ್ಣ ಬಳಿಯಬೇಡಿ, ಗುಳ್ಳೆ ಎದ್ದು ಕಿತ್ತುಬರುತ್ತದೆ.

ಜೂನ್ ಮೊದಲ ವಾರಕ್ಕೆ ಮಳೆ ಬರುವುದು ವಾಡಿಕೆ. ಅದಕ್ಕೂ ಮೊದಲು, ಮೇ ತಿಂಗಳಲ್ಲಿ ಒಂದು ಬೆಳಗ್ಗೆ ದಂಬೆ, ಪೈಪು ಕ್ಲೀನು ಮಾಡಿಸಿ ತಾರಸಿಗೊಮ್ಮೆ ಕಣ್ಣು ಹಾಯಿಸಿದರೆ ಸಾವಿರ ರೂಪಾಯಿಯಲ್ಲಿ ಮುಗಿಯುವ ಕೆಲಸ ಲಕ್ಷಕ್ಕೆ ಏರುವುದು ತಪ್ಪೀತು.