ಮರಳಿನ ಪೆಟ್ಟಿಗೆಯಲ್ಲಿ ಒಂದು ಮನೆ

‘ಎಂ-ಸ್ಯಾಂಡ್ ಆಗಲ್ಲ ಸರ್, ಕೈಗೆ ಚುಚ್ಚುತ್ತೆ. ಮಕ್ಕಳು ಒಂದ್ಸಲ ಮುಟ್ಟಿ ಕೈ ಹಿಂದಕ್ಕೆ ಎಳ್ಕೊಂಡ್ಬಿಡ್ತಾರೆ.’

ಮೇಸ್ತ್ರಿಗಳ ಬಾಯಲ್ಲಿ ಕೇಳಬೇಕಾದ ಈ ಮಾತನ್ನು ಆಪ್ತ ಸಮಾಲೋಚಕಿಯೊಬ್ಬರು ಹೇಳುತ್ತಿದ್ದರು. ಹಳೇ ಮೈಸೂರು ಕಡೆಯ ಒಂದು ತಾಲ್ಲೂಕು ಕೇಂದ್ರ, ಬಸ್ ನಿಲ್ದಾಣದ ಹಿಂದಿನ ರಸ್ತೆ, ಜೆರಾಕ್ಸ್ ಅಂಗಡಿಯ ಮೇಲಿನ ಒಂದು ಕೋಣೆ. ಊರಿನ ಹೆಸರನ್ನೂ ತಮ್ಮ ಹೆಸರನ್ನೂ ಬರೆಯಕೂಡದೆಂಬ ಷರತ್ತಿನ ಮೇಲೆ ಒಳಗೆ ಬಿಟ್ಟುಕೊಂಡಿದ್ದರು. ಅಲ್ಲಿಗೆ ಬರುವ ಮಕ್ಕಳಲ್ಲಿ ಹೆಚ್ಚಿನವರ ಮನೆಯಲ್ಲಿ ಅಪ್ಪ ಅಮ್ಮನಿಗೆ ಹೊಡೆಯುತ್ತಾನೆ.

ನಡುವೆ ಒಂದು ಮುಚ್ಚಳವಿಲ್ಲದ ಮರದ ಪೆಟ್ಟಿಗೆ. ಉದ್ದ ಎರಡಡಿಗಿಂತ ತುಸು ಹೆಚ್ಚು, ಅಗಲ ಎರಡಡಿಗೆ ತುಸು ಕಡಿಮೆ, ಆಳ ನಾಲ್ಕು ಬೆರಳು. ಒಳಗೆಲ್ಲ ನೀಲಿ ಬಣ್ಣ. ಮರಳನ್ನು ಬೆರಳಲ್ಲಿ ಸರಿಸಿದರೆ ನೀರು ಕಂಡಂತಾಗುತ್ತದೆ. ಪಕ್ಕದ ಬೀದಿಯಲ್ಲಿ ಹಳೆಯ ಮನೆ ಕೆಡವಿದಾಗ ಮೂಲೆಯಲ್ಲಿ ಉಳಿದಿದ್ದ ಹೊಳೆ ಮರಳನ್ನು ಎರಡು ಬಕೆಟ್ ಕೇಳಿ ತಂದು, ತೊಳೆದು, ಮೂರು ಸಲ ಜರಡಿ ಹಿಡಿದರಂತೆ. ತಾರಸಿಯ ಮೇಲೆ ಒಣಗುವಾಗ ಬೆಕ್ಕು ಕಾಯುವ ಕೆಲಸ ಯಜಮಾನರದ್ದು.

ಗೋಡೆಯ ಕಪಾಟಿನಲ್ಲಿ ಚನ್ನಪಟ್ಟಣದ ಮರದ ಗೊಂಬೆಗಳು, ಜಾತ್ರೆಯ ಪ್ಲಾಸ್ಟಿಕ್ ಹುಲಿ, ಹಸು, ಹಾವು, ಆಟೊ, ಪೊಲೀಸ್ ಜೀಪು, ಅಂಗೈಯಲ್ಲಿ ಹಿಡಿಸುವ ತುಳಸಿಕಟ್ಟೆ, ಒಂದು ನಿಜವಾದ ಪುಟ್ಟ ಬೀಗ. ಜೊತೆಗೆ ಕೈ ಮುರಿದ ಪಟ್ಟದ ಗೊಂಬೆ. ಭಿನ್ನವಾದದ್ದನ್ನು ದಸರೆಗೆ ಕೂರಿಸುವಂತಿಲ್ಲವೆಂದು ಯಾರೋ ಕೊಟ್ಟುಹೋದದ್ದು. ‘ಮುರಿದವು ನಮಗೆ ಬೇಕಾಗುತ್ತವೆ’ ಎಂದರು.

ಮಗು ಇವುಗಳಲ್ಲಿ ಬೇಕಾದ್ದನ್ನು ಆರಿಸಿ ಮರಳಿನಲ್ಲಿ ಇಡುತ್ತದೆ. ಅವರು ಪಕ್ಕದಲ್ಲಿ ಕೂತು ನೋಡುತ್ತಾರೆ. ಇಷ್ಟೆಯೇ? ನನ್ನ ಮುಖದ ಅನುಮಾನ ಅವರಿಗೆ ಕಂಡಿರಬೇಕು. ‘ಯಾವುದಾದರೂ ಮಗು ಮಾಡಿದ್ದೊಂದನ್ನು ಹೇಳಿ’ ಎಂದೆ. ‘ಅದು ಆ ಮಗುವಿನದು ಸರ್’ ಎಂದು ಅಲ್ಲಿಗೇ ಮುಗಿಸಿದರು. ಪತ್ರಕರ್ತನ ಚಪಲ, ಬೇರೆ ದಾರಿ ಹಿಡಿದೆ: ‘ಯಾವ ಆಟಿಕೆ ಬೇಗ ಹಾಳಾಗುತ್ತೆ?’

ಪೊಲೀಸ್ ಜೀಪು ಅಥವಾ ಹುಲಿ ಎನ್ನುತ್ತಾರೆಂದುಕೊಂಡಿದ್ದೆ.

‘ಬೇಲಿ’ ಎಂದರು. ಐಸ್‌ಕ್ರೀಂ ಕಡ್ಡಿ ಅಂಟಿಸಿ ಮಾಡಿದ ಬೇಲಿ. ಎಷ್ಟು ಮಾಡಿಟ್ಟರೂ ಸಾಲದು. ನಾನು ಕೂಡಲೇ ನೋಟ್‌ಬುಕ್ಕಿನಲ್ಲಿ ‘ಬೇಲಿ = ಭಯ’ ಎಂದು ಬರೆದುಕೊಂಡೆ. ಅವರು ಬಗ್ಗಿ ನೋಡಿ ನಕ್ಕರು. ‘ಹಾಗೆ ಅರ್ಥಕೋಶ ಇಲ್ಲ ಸರ್. ಕುರಿದೊಡ್ಡಿಯೂ ಇರಬಹುದು. ಮಗು ಹೇಳೋವರೆಗೆ ಅದು ಬರೀ ಬೇಲಿ.’

ಊರಿಗೆ ಬಂದವನು ಒಂದು ವಾರ ಈ ಪೆಟ್ಟಿಗೆಯ ಬೆನ್ನು ಹತ್ತಿದೆ. ಕಥೆ ಶುರುವಾಗುವುದು ಎಚ್.ಜಿ. ವೆಲ್ಸ್ ಅವರಿಂದ. ಮಂಗಳ ಗ್ರಹದವರನ್ನು ಭೂಮಿಗೆ ಇಳಿಸಿದ ಅದೇ ಕಾದಂಬರಿಕಾರ. ಗಂಡುಮಕ್ಕಳಿಬ್ಬರ ಜೊತೆ ನೆಲದ ಮೇಲೆ ಪುಟ್ಟ ಗೊಂಬೆ, ಮರದ ತುಂಡು ಜೋಡಿಸಿ ದ್ವೀಪ, ನಗರ ಕಟ್ಟುತ್ತಿದ್ದ ಆಟವನ್ನೇ ಆತ 1911ರಲ್ಲಿ ‘ಫ್ಲೋರ್ ಗೇಮ್ಸ್’ ಎಂಬ ಸಣ್ಣ ಪುಸ್ತಕವಾಗಿಸಿದರು. ಅದನ್ನು ಓದಿ ಮನಸ್ಸಿನಲ್ಲಿಟ್ಟುಕೊಂಡವರು ಮಾರ್ಗರೆಟ್ ಲೋವೆನ್‌ಫೆಲ್ಡ್. ಯುದ್ಧದಿಂದ ಜರ್ಜರಿತವಾಗಿದ್ದ ಪೋಲೆಂಡಿನಲ್ಲಿ ಕೆಲಸ ಮಾಡಿ ಬಂದಿದ್ದ ವೈದ್ಯೆ. 1928ರಲ್ಲಿ ಲಂಡನ್ನಿನಲ್ಲಿ ಮಕ್ಕಳಿಗಾಗಿ ಕ್ಲಿನಿಕ್ ತೆರೆದು, ಒಂದು ಪೆಟ್ಟಿಗೆ ತುಂಬ ಚಿಕ್ಕಪುಟ್ಟ ಸಾಮಾನು ಇಟ್ಟರು. ಮರುವರ್ಷ ಸತುವಿನ ತಟ್ಟೆಯಲ್ಲಿ ಮರಳೂ ಬಂತು. ಎರಡನ್ನೂ ಕೂಡಿಸಿದವರು ಮಕ್ಕಳು. ತಾವು ಕಟ್ಟಿದ್ದನ್ನು ‘ವರ್ಲ್ಡ್’ ಎಂದು ಕರೆದವರೂ ಅವರೇ. 1956ರಲ್ಲಿ ಸ್ವಿಟ್ಜರ್ಲೆಂಡಿನ ಡೋರಾ ಕಾಲ್ಫ್ ಲಂಡನ್ನಿಗೆ ಬಂದು ಇದನ್ನು ಕಲಿತು, ಮನಶ್ಶಾಸ್ತ್ರಜ್ಞ ಯೂಂಗ್ ಅವರ ಚಿಂತನೆಯ ಜೊತೆ ಬೆಸೆದರು. ಜೆರಾಕ್ಸ್ ಅಂಗಡಿಯ ಮೇಲಿನ ಪೆಟ್ಟಿಗೆಯ ಅಳತೆಯೂ ಒಳಗಿನ ನೀಲಿಯೂ ಅವರ ಪದ್ಧತಿಯವು.

ನನಗೆ ಬಹಳ ಹಿಡಿಸಿದ್ದು ಇನ್ನೊಂದು ನಿಯಮ. ಆಟ ಮುಗಿದ ಮೇಲೆ ‘ಎಲ್ಲ ಎತ್ತಿಡು’ ಎಂದು ಮಗುವಿಗೆ ಹೇಳುವಂತಿಲ್ಲ. ಅದು ಕಟ್ಟಿದ ಲೋಕ ಅದು ಬಾಗಿಲು ದಾಟುವವರೆಗೂ ಹಾಗೇ ಇರಬೇಕು. ಬಿಚ್ಚುವುದು ಆಮೇಲೆ, ದೊಡ್ಡವರ ಕೈಯಲ್ಲಿ. ಮನೆಯಲ್ಲಿ ರಾತ್ರಿ ಒಡೆದ ಲೋಟದ ಚೂರನ್ನು ಬೆಳಿಗ್ಗೆ ಅಮ್ಮನ ಜೊತೆ ಕೂತು ಆಯ್ದ ಮಗುವಿಗೆ ಇದೆಷ್ಟು ದೊಡ್ಡ ರಜೆ!

ಪೆಟ್ಟಿಗೆಯ ಮೋಹದಲ್ಲಿದ್ದ ನನ್ನನ್ನು ನೆಲಕ್ಕಿಳಿಸಿದವರೂ ಆ ಸಮಾಲೋಚಕಿಯೇ. ‘ಇದು ಮಾಯಾಪೆಟ್ಟಿಗೆ ಅಂತ ಬರೀಬೇಡಿ’ ಎಂದು ಫೋನಿನಲ್ಲಿ ಎಚ್ಚರಿಸಿದರು. ಆಘಾತಕ್ಕೊಳಗಾದ ಮಕ್ಕಳ ಚಿಕಿತ್ಸೆಯಲ್ಲಿ ಹೆಚ್ಚು ಪರೀಕ್ಷೆಗೆ ಒಳಪಟ್ಟಿರುವುದು ಆಘಾತ ಕೇಂದ್ರಿತ ಅರಿವು-ವರ್ತನಾ ಚಿಕಿತ್ಸೆ. ತೀರಾ ಚಿಕ್ಕ ಮಕ್ಕಳಾದರೆ ತಾಯಿ, ಮಗುವನ್ನು ಒಟ್ಟಿಗೇ ಕೂರಿಸಿ ಮಾಡುವ ಕ್ರಮವುಂಟು. ಅದನ್ನು ಬೆಳೆಸಿದವರು ಸ್ಯಾನ್‌ಫ್ರಾನ್ಸಿಸ್ಕೊದ ಅಲಿಸಿಯಾ ಲೀಬರ್‌ಮನ್. ಮರಳು ಮಾತಿಗೆ ಮುಂಚಿನ ಮೆಟ್ಟಿಲು ಮಾತ್ರ.

ಮಾತು ಶುರುವಾದ ಮೇಲಿನ ಕೆಲಸ ಸಪ್ಪೆಯಾಗಿ ಕಾಣುತ್ತದೆ. ನಿಜವಾದ ಕೆಲಸ ಅದೇ. ಮೊದಲನೆಯದು ಮಗುವಿನ ತಲೆಯಿಂದ ತಪ್ಪಿನ ಗಂಟು ಇಳಿಸುವುದು. ‘ನಾನು ಹಾಲು ಚೆಲ್ಲಿದ್ದಕ್ಕೇ ಅಪ್ಪ ಅಮ್ಮಂಗೆ ಹೊಡೆದಿದ್ದು’ ಎಂಬ ಲೆಕ್ಕಾಚಾರವನ್ನು ಮಕ್ಕಳು ಗಟ್ಟಿಯಾಗಿ ನಂಬಿರುತ್ತಾರೆ. ಎರಡನೆಯದು ಅಪ್ಪನ ಮೇಲೆ ಭಯವೂ ಪ್ರೀತಿಯೂ ಒಟ್ಟಿಗೇ ಇರಬಹುದು ಎಂದು ಒಪ್ಪಿಕೊಳ್ಳಲು ಬಿಡುವುದು. ಮೂರನೆಯದು ಸುರಕ್ಷತೆಯ ಪಾಠ: ಜಗಳದ ನಡುವೆ ನುಗ್ಗಬೇಡ, ಅಡುಗೆಮನೆಗೆ ಓಡಬೇಡ, ಯಾರ ಮನೆಗೆ ಹೋಗಬೇಕೆಂದು ಮೊದಲೇ ತೀರ್ಮಾನಿಸಿಕೋ, ಮನೆಯ ವಿಳಾಸ ಬಾಯಿಪಾಠ ಮಾಡು. ಮಗ್ಗಿ ಕಲಿಸಿದ ಹಾಗೆ ಇದನ್ನು ಕಲಿಸುತ್ತಾರೆ.

‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂದು ಗಾದೆ ಕಟ್ಟಿದವರು ಮಕ್ಕಳನ್ನು ಕೇಳಿ ಕಟ್ಟಿದಂತಿಲ್ಲ. ಮಲಗಿದ ಮೇಲೇ ಅವರಿಗೆ ಜಗಳ ಶುರು. ಕಿವಿ ಎಚ್ಚರವಾಗಿರುತ್ತದೆ, ಪಾತ್ರೆ ಸದ್ದಾದರೆ ಉಸಿರು ಹಿಡಿಯುತ್ತಾರೆ. ಮರುದಿನ ತರಗತಿಯಲ್ಲಿ ತೂಕಡಿಸುವ, ಕಾರಣವಿಲ್ಲದೆ ಹೊಟ್ಟೆನೋವೆನ್ನುವ ಮಗುವಿನ ಹಿಂದೆ ಇಂಥ ರಾತ್ರಿಯೊಂದು ಇರಬಹುದು. ಜಾಣ, ತಂಟೆಯೇ ಇಲ್ಲ ಎಂದು ಟೀಚರ್ ಹೊಗಳುವ ಮಗುವಿನ ಹಿಂದೆಯೂ. 1998ರಲ್ಲಿ ಅಮೆರಿಕದ ವಿನ್ಸೆಂಟ್ ಫೆಲಿಟ್ಟಿ, ರಾಬರ್ಟ್ ಆಂಡಾ ಮತ್ತು ಸಂಗಡಿಗರು ಬಾಲ್ಯದ ಕಹಿ ಅನುಭವಗಳಿಗೂ ದೊಡ್ಡವರಾದ ಮೇಲಿನ ಕಾಯಿಲೆಗಳಿಗೂ ಇರುವ ನಂಟನ್ನು ಪ್ರಕಟಿಸಿದಾಗ, ಅವರು ಎಣಿಸಿದ ಏಳು ಬಗೆಯ ಅನುಭವಗಳಲ್ಲಿ ತಾಯಿಯ ಮೇಲಿನ ಹಿಂಸೆಯೂ ಒಂದಾಗಿತ್ತು.

ನಮ್ಮ ಲೆಕ್ಕ ನೋಡಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ಕರ್ನಾಟಕದ 18ರಿಂದ 49 ವಯಸ್ಸಿನ, ಮದುವೆಯಾದ ಮಹಿಳೆಯರಲ್ಲಿ ಶೇ 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ಹಿಂದಿನ ಸುತ್ತಿನಲ್ಲಿ ಅದು ಶೇ 20.6 ಇತ್ತು. ಹಿಂಸೆ ಹೆಚ್ಚಿತೋ, ಬಾಯಿಬಿಟ್ಟು ಹೇಳುವವರು ಹೆಚ್ಚಿದರೋ ಎಂದು ಪಂಡಿತರು ವಾದಿಸಲಿ. ಆ ಮನೆಗಳಲ್ಲಿ ಗೋಡೆ ಕಡೆ ಮುಖಮಾಡಿ ಮಲಗಿದ ಮಕ್ಕಳೆಷ್ಟು ಎಂಬ ಕಾಲಂ ಆ ಹಾಳೆಯಲ್ಲಿಲ್ಲ.

ಕಾನೂನಿನಲ್ಲೂ ಮಗು ಹೊಸ್ತಿಲಲ್ಲೇ ನಿಂತಿದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 21ನೇ ಕಲಂ ಪ್ರಕಾರ ಮ್ಯಾಜಿಸ್ಟ್ರೇಟರು ಮಗುವನ್ನು ತಾತ್ಕಾಲಿಕವಾಗಿ ತಾಯಿಯ ವಶಕ್ಕೆ ಕೊಡಬಹುದು, ಹಾನಿಯಾದೀತೆಂದು ಕಂಡರೆ ಎದುರುಗಾರನ ಭೇಟಿಯನ್ನೂ ನಿರಾಕರಿಸಬಹುದು. ಆದರೆ ಆಪ್ತ ಸಮಾಲೋಚನೆಯ 14ನೇ ಕಲಮಿನಲ್ಲಿ ಇರುವುದು ನೊಂದವರು ಮತ್ತು ಎದುರುಗಾರರು, ಒಬ್ಬೊಬ್ಬರಾಗಿ ಇಲ್ಲವೇ ಜೊತೆಯಾಗಿ. ಎಲ್ಲ ಕೇಳಿಸಿಕೊಂಡ ಮಗುವಿಗೂ ಸಮಾಲೋಚನೆ ಕೊಡಿಸಿ ಎಂದು ಅಲ್ಲಿ ಬರೆದಿಲ್ಲ. ನಿಮ್ಹಾನ್ಸ್‌ನ ‘ಸಂವಾದ್’ನಂಥ ಯೋಜನೆಗಳು ಮಕ್ಕಳ ಜೊತೆ ಕೆಲಸ ಮಾಡುವವರಿಗೆ ತರಬೇತಿ ಕೊಡುತ್ತಿವೆ ನಿಜ. ಅದು ತಾಲ್ಲೂಕಿನ ಮಹಡಿ ಕೋಣೆಗಳನ್ನೆಲ್ಲ ಮುಟ್ಟಲು ಇನ್ನೂ ದಾರಿಯಿದೆ.

ನಾನು ಆ ಕೋಣೆಯಲ್ಲಿದ್ದ ದಿನ ಸಂಜೆ ನಾಲ್ಕರ ಮೇಲೆ ಪೆಟ್ಟಿಗೆ ಮೂಲೆ ಸೇರಿತು. ಅದು ಪಿಯು, ಡಿಗ್ರಿ ಹುಡುಗಿಯರ ಹೊತ್ತು. ಇಲ್ಲಿ ಹಿಂಸೆ ಪ್ರೀತಿಸಿದ ಹುಡುಗನಿಂದ, ಅದರ ವೇಷ ಬೇರೆ. ಫೋನಿನ ಪಾಸ್‌ವರ್ಡ್ ಕೊಡು, ಲೈವ್ ಲೊಕೇಶನ್ ಹಾಕು, ಆ ಡ್ರೆಸ್ ಬೇಡ, ಬಿಟ್ಟು ಹೋದರೆ ಫೋಟೊ ಹಾಕ್ತೀನಿ. ಹುಡುಗಿಯರು ಇದಕ್ಕೆ ಇಟ್ಟ ಹೆಸರು ‘ಪೊಸೆಸಿವ್’. ‘ಅವನನ್ನು ಬಿಡು ಅಂತ ನಾನು ಹೇಳಲ್ಲ. ಅವನ ಫೋನ್ ಬಂದಾಗ ನಿನ್ನ ಹೊಟ್ಟೆಯೊಳಗೆ ಏನಾಗುತ್ತೆ ಅಂತ ಕೇಳ್ತೀನಿ’ ಎಂದರು ಮೇಡಂ. ಹದಿನೆಂಟು ತುಂಬದವರಾದರೆ ಇನ್ನೊಂದು ಇಕ್ಕಟ್ಟು. ಲೈಂಗಿಕ ದೌರ್ಜನ್ಯ ತಿಳಿದುಬಂದರೆ ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೆ ತಿಳಿಸಲೇಬೇಕು. ‘ಯಾರಿಗೂ ಹೇಳಲ್ಲ’ ಎಂದು ಸುಳ್ಳು ಭರವಸೆ ಕೊಡದೆ ಮೊದಲ ದಿನವೇ ಈ ಮಾತು ಹೇಳಿಬಿಡುತ್ತಾರೆ. ಕೆಲವರು ಅಲ್ಲಿಂದಲೇ ಎದ್ದು ಹೋಗುವುದೂ ಉಂಟು.

ಹೊರಡುವಾಗ ನನ್ನದೂ ಒಂದು ಕಥೆ ಬಾಯಿಗೆ ಬಂತು. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಪಕ್ಕದ ಮನೆಯ ಹುಡುಗಿಯೊಬ್ಬಳು ಕತ್ತಲಾದ ಮೇಲೆ ಪುಸ್ತಕ ಹಿಡಿದು ನಮ್ಮ ಪಡಸಾಲೆಗೆ ಬರುತ್ತಿದ್ದಳು. ಗೋಡೆಯಾಚೆ ಸದ್ದು ಕೇಳಿದರೆ ನಮ್ಮಪ್ಪ ರೇಡಿಯೊ ಜೋರು ಮಾಡುತ್ತಿದ್ದರು. ಅಜ್ಜಿ ಏನೂ ವಿಚಾರಿಸದೆ ‘ಊಟ ಆಯ್ತಾ ಮಗಾ?’ ಎಂದು ತಟ್ಟೆ ಇಡುತ್ತಿದ್ದಳು. ನಾವು ಮಕ್ಕಳು ಮಾತ್ರ ಅವಳನ್ನು ‘ನಿಂಗೆ ಅಪ್ಪ ಬೇಕಾ, ಅಮ್ಮ ಬೇಕಾ?’ ಎಂದು ಗೋಳು ಹುಯ್ದುಕೊಳ್ಳುತ್ತಿದ್ದೆವು.

ಮೇಡಂ ಕೇಳಿಸಿಕೊಂಡು, ‘ನಿಮ್ಮಜ್ಜಿ ಅರ್ಧ ಕೆಲಸ ಮಾಡಿದ್ದಾರೆ’ ಎಂದರು. ಉಳಿದರ್ಧ, ಗೋಡೆಯಾಚೆಗೆ ಹೋಗಿ ಬಾಗಿಲು ತಟ್ಟುವುದು. ಅದನ್ನು ನಮ್ಮ ಬೀದಿಯಲ್ಲಿ ಯಾರೂ ಮಾಡಲಿಲ್ಲ. ತಾಯಿಗೆ ನೆಮ್ಮದಿಯಿಲ್ಲದ ಮನೆಗೆ ಮಗುವನ್ನು ಮರಳಿ ಕಳಿಸುತ್ತಿದ್ದರೆ ಯಾವ ಪೆಟ್ಟಿಗೆಯೂ ಸಾಲದೆಂಬುದು ಆ ಕೋಣೆಯಲ್ಲಿ ನಾನು ಕಲಿತ ಪಾಠ.

ಮಕ್ಕಳ ಸಹಾಯವಾಣಿ 1098, ಮಹಿಳೆಯರದ್ದು 181, ಮನಸ್ಸಿನ ತೊಂದರೆಗೆ ಟೆಲಿ ಮನಸ್ 14416. ಮೂರಕ್ಕೂ ಕರೆ ಉಚಿತ. ಪಕ್ಕದ ಮನೆಯ ಮಗು ಹೊತ್ತಲ್ಲದ ಹೊತ್ತಿನಲ್ಲಿ ನಿಮ್ಮ ಬಾಗಿಲಿಗೆ ಬಂದರೆ ಅಪ್ಪ, ಅಮ್ಮ ಯಾರು ಬೇಕೆಂದು ಕೇಳಬೇಡಿ. ಊಟ ಆಯ್ತಾ ಎಂದು ಕೇಳಿ, ಒಳಗೆ ಕೂರಿಸಿ. ಆಮೇಲೆ ಫೋನ್ ಎತ್ತಿಕೊಳ್ಳಿ.