ಒಳಗೆ ನುಣುಪು, ಹೊರಗೆ ಒರಟು

ಸೊಂಟದ ಕೀಲು ಸವೆದು ನಡೆಯಲಾರದೆ ಹೋದವರಿಗೆ ವೈದ್ಯರು ಕೃತಕ ಕೀಲು ಜೋಡಿಸುವುದನ್ನು ನೀವು ಕೇಳಿರಬಹುದು. ಆ ಕೀಲಿನಲ್ಲಿ ತೆಂಗಿನ ಕರಟದಂಥ ಒಂದು ಪುಟ್ಟ ಬಟ್ಟಲಿರುತ್ತದೆ. ಈಗ ಅದನ್ನು ಟೈಟಾನಿಯಂ ಪುಡಿಯಿಂದ 3ಡಿ ಮುದ್ರಣದಲ್ಲೂ ಮಾಡ್ತಾರೆ. ಇಟಲಿಯಲ್ಲಿ 2007ರಲ್ಲೇ ಇಂಥ ಬಟ್ಟಲನ್ನು ರೋಗಿಗೆ ಜೋಡಿಸಿದ್ದರು.

ಪುಡಿಯನ್ನು ತೆಳ್ಳಗೆ ಹರಡೋದು, ಬೇಕಾದ ಕಡೆ ಮಾತ್ರ ಲೇಸರ್ ಇಲ್ಲವೇ ಇಲೆಕ್ಟ್ರಾನ್ ಕಿರಣ ಹಾಯಿಸಿ ಕರಗಿಸೋದು, ಅದರ ಮೇಲೆ ಮತ್ತೆ ಪುಡಿ. ಒಂದೊಂದು ಪದರ ಸುಮಾರು 30ರಿಂದ 90 ಮೈಕ್ರೋಮೀಟರ್ ದಪ್ಪ, ಅಂದ್ರೆ ಹೆಚ್ಚುಕಡಿಮೆ ನಿಮ್ಮ ತಲೆಗೂದಲಿನಷ್ಟು.

ಹೀಗೆ ಹೊರಬಂದ ಬಟ್ಟಲನ್ನು ಮುಟ್ಟಿದರೆ ಸ್ಯಾಂಡ್‌ಪೇಪರ್ ಮುಟ್ಟಿದ ಹಾಗಿರುತ್ತೆ. ಪದರಗಳ ಮೆಟ್ಟಿಲು ಇದಕ್ಕೆ ಒಂದು ಕಾರಣ. ಅರೆಬರೆ ಕರಗಿ ಗೋಡೆಗೆ ಅಂಟಿಕೊಂಡ ಪುಡಿಯ ಕಣಗಳು ಇನ್ನೊಂದು. ಬಟ್ಟಲಿನ ಒಳಗೆ ಪ್ಲಾಸ್ಟಿಕ್ ಅಥವಾ ಸೆರಾಮಿಕ್ ಅಸ್ತರಿ ಕೂರಬೇಕು. ಅದು ಸ್ವಲ್ಪ ಅಲುಗಾಡಿದರೂ ಸಾಕು, ಹೆಜ್ಜೆಹೆಜ್ಜೆಗೂ ಉಜ್ಜಿ ಸಣ್ಣ ಸಣ್ಣ ಚೂರು ಉದುರುತ್ತವೆ. ಆ ಚೂರುಗಳಿಂದ ಸುತ್ತಲಿನ ಮೂಳೆಯೇ ಕರಗಬಹುದು. ಆಮೇಲೆ ಮತ್ತೊಂದು ಶಸ್ತ್ರಚಿಕಿತ್ಸೆ!

ಅದಕ್ಕೇ ಒಳಮೈಯನ್ನು ಸ್ವಲ್ಪ ದಪ್ಪವಾಗಿಯೇ ಮುದ್ರಿಸಿ, ಆಮೇಲೆ ಯಂತ್ರದಲ್ಲಿ ಕತ್ತರಿಸಿ ಅಳತೆಗೆ ತರುತ್ತಾರೆ. ಬಟ್ಟಲಿನಂಥ ಅಗಲವಾದ ಮೈಗೆ ಲೇತ್ ಜಾತಿಯ ಯಂತ್ರ ಸಾಕು. ಮುದ್ರಿಸಿದ ಬೇರೆ ಭಾಗಗಳ ಸಣ್ಣ ತೂತು, ಕಿರಿದಾದ ಗಾಡಿಗಳಿಗೆ ಮಾತ್ರ ಒಂದು ಮಿಲಿಮೀಟರಿಗಿಂತ ಸಪೂರವಾದ ಕಟ್ಟರ್ ಬೇಕು. ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು ತಿರುಗುತ್ತಾ ಅದು ಒಂದೊಂದು ಸಲಕ್ಕೆ ಕೆಲವೇ ಮೈಕ್ರೋಮೀಟರ್ ಲೋಹ ಕೀಳುತ್ತದೆ. ಇದೇ ಸೂಕ್ಷ್ಮ ಯಂತ್ರಗಾರಿಕೆ.

ಕಡಿಮೆ ಕಿತ್ತಷ್ಟೂ ನಯ ಹೆಚ್ಚು ಅಂತ ನೀವು ಅಂದುಕೊಂಡಿರಾ? ಹಾಗಲ್ಲ. ಮೊಂಡಾದ ಈಳಿಗೆಮಣೆಯಲ್ಲಿ ಟೊಮೆಟೊ ಹೆಚ್ಚಿ ನೋಡಿ, ಸಿಪ್ಪೆ ಕತ್ತರಿಸುವುದಿಲ್ಲ, ಒಳಕ್ಕೆ ಬಗ್ಗುತ್ತದೆ. ಎಂಥ ಹರಿತವಾದ ಕಟ್ಟರಿನ ಅಂಚೂ ಸೂಕ್ಷ್ಮದರ್ಶಕದಲ್ಲಿ ದುಂಡಗೇ ಕಾಣುತ್ತದೆ. ಆ ದುಂಡಿಗೆ ಹೋಲಿಸಿದರೆ ತೀರಾ ತೆಳುವಾದ ಪದರ ಕೀಳಹೊರಟರೆ ಅಂಚು ಕತ್ತರಿಸುವ ಬದಲು ಲೋಹವನ್ನು ಒತ್ತಿ ಉಜ್ಜುತ್ತದೆ. ಬಿಸಿ ಏರುತ್ತದೆ. ಟೈಟಾನಿಯಂ ಬೇರೆ ಶಾಖವನ್ನು ಸುಲಭವಾಗಿ ಹರಿಯಗೊಡುವುದಿಲ್ಲ; ಆ ಬಿಸಿಯೆಲ್ಲ ಕಟ್ಟರಿನ ಮೂತಿಯಲ್ಲೇ ಕೂತು ಅದು ಬೇಗ ಸವೆಯುತ್ತದೆ.

ಇನ್ನು ಬಟ್ಟಲಿನ ಹೊರಮೈ? ನನಗೆ ತುಂಬಾ ಇಷ್ಟವಾದ ಸಂಗತಿ ಇದು. ಅದನ್ನು ಬೇಕೆಂದೇ ಸ್ಪಂಜಿನಂತೆ ರಂಧ್ರರಂಧ್ರವಾಗಿ ಮುದ್ರಿಸಿ, ಒರಟಾಗಿಯೇ ಬಿಡುತ್ತಾರೆ. ಆ ರಂಧ್ರಗಳೊಳಗೆ ರೋಗಿಯ ಮೂಳೆ ಬೆಳೆದು ಬಟ್ಟಲನ್ನು ಹಿಡಿದುಕೊಳ್ಳುತ್ತದೆ. ಅಲ್ಲಿ ಪಾಲಿಶ್ ಮಾಡಿದರೆ ಕೆಲಸ ಕೆಟ್ಟಿತು. ಆದರೆ ಸಡಿಲ ಪುಡಿ ಅಲ್ಲೂ ಉಳಿಯಬಾರದು. ಅದಕ್ಕೇ ರಂಧ್ರಗಳಿಗೆ ಗಾಳಿ ಊದಿ, ತೊಳೆದು, ಪರೀಕ್ಷೆ ಮಾಡಿದ ಮೇಲಷ್ಟೇ ಬಟ್ಟಲು ಆಸ್ಪತ್ರೆಗೆ ಹೊರಡುವುದು.