ಇದ್ದಿಲು ತಿಂದು ಓಡಿದ ಬಸ್ಸು

ಹಳೆಯ ಮೋಟಾರು ವಾಹನಗಳಲ್ಲಿ ಮೋಹವುಳ್ಳವರು ಅವುಗಳ ಹಿತ್ತಾಳೆಯ ದೀಪಗಳನ್ನೂ ಮರದ ಕಡ್ಡಿಗಳ ಗಾಲಿಗಳನ್ನೂ ಕಂಡು ಹಿಗ್ಗುವುದುಂಟು. ಆದರೆ ನಮ್ಮ ನಾಡಿನ ರಸ್ತೆಗಳಲ್ಲಿ ಸಂಚರಿಸಿದ ವಾಹನಗಳಲ್ಲೆಲ್ಲ ವಿಚಿತ್ರವಾದುದಕ್ಕೆ ಅಂತಹ ಸೊಬಗೇನೂ ಇರಲಿಲ್ಲ. ಅದರ ಬೆನ್ನಿಗೆ ಆಳೆತ್ತರದ ಕಬ್ಬಿಣದ ಪೀಪಾಯಿಯೊಂದನ್ನು ಕಟ್ಟಿರುತ್ತಿದ್ದರು. ಪೀಪಾಯಿಯೊಳಗೆ ಕೆಂಡ ನಿಗಿನಿಗಿ ಉರಿಯುತ್ತಿತ್ತು. ಅದೇ ಇದ್ದಿಲು ಬಸ್ಸು. ಪೆಟ್ರೋಲಿಗಾಗಿ ರಚಿತವಾದ ಎಂಜಿನ್ನು ಒಲೆಯ ಇದ್ದಿಲಿನಿಂದ ನಡೆದುದು ಹೇಗೆ?

ಎರಡನೆಯ ಮಹಾಯುದ್ಧ ಈ ಬಸ್ಸಿಗೆ ಕಾರಣವಾಯಿತು. 1941ರಲ್ಲಿ ಭಾರತದಲ್ಲಿ ಪೆಟ್ರೋಲಿಗೆ ಪಡಿತರ ಪದ್ಧತಿ ಬಂದಿತು. 1942ರಲ್ಲಿ ಬರ್ಮಾ ದೇಶ ಜಪಾನೀಯರ ವಶವಾಗಿ, ಅಲ್ಲಿನ ಎಣ್ಣೆಬಾವಿಗಳೂ ನಮಗೆ ಇಲ್ಲವಾದುವು. ರೈಲುದಾರಿಯ ಊರುಗಳು ಹೇಗೋ ಸುಧಾರಿಸಿಕೊಂಡುವು. ತುಮಕೂರಿಗೆ 1884ರಲ್ಲೇ ರೈಲು ಬಂದಿತ್ತು. ಆದರೆ ಅಲ್ಲಿಂದ ಉತ್ತರಕ್ಕಿರುವ ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ ಈ ನಾಲ್ಕು ಪಟ್ಟಣಗಳಿಗೂ ಆಗ ರೈಲು ಇರಲಿಲ್ಲ. ಪಾವಗಡದ ಸೀಮೆಯಂತೂ ಹೆಚ್ಚುಪಾಲು ಮದರಾಸು ಪ್ರಾಂತದ ಅನಂತಪುರ ಜಿಲ್ಲೆಯಿಂದ ಸುತ್ತುವರಿದಿತ್ತು. ಇಂತಹ ಕಡೆ ಬಸ್ಸು ನಿಂತರೆ ಜನರಿಗೆ ಉಳಿಯುವುದು ಎತ್ತಿನ ಗಾಡಿ, ಇಲ್ಲವೆ ಕಾಲ್ನಡಿಗೆ. ಪೆಟ್ರೋಲು ಇಲ್ಲದಿದ್ದರೇನು, ಕುರುಚಲು ಕಾಡಿನ ಈ ಸೀಮೆಗಳಲ್ಲಿ ಜಾಲಿಯ ಇದ್ದಿಲು ಸಿಕ್ಕುತ್ತಿತ್ತು.

ಎಂಜಿನ್ನು ಇದ್ದಿಲನ್ನು ನೇರವಾಗಿ ಉರಿಸಲಾರದು. ಅದಕ್ಕೆ ಬೇಕಾದುದು ಗಾಳಿಯೊಡನೆ ಬೆರೆತು ಉರಿಯಬಲ್ಲ ಅನಿಲ. ಪೀಪಾಯಿಯ ಕೆಲಸ ಆ ಅನಿಲವನ್ನು ತಯಾರಿಸುವುದು. ಒಲೆಯಲ್ಲಿ ಯಥೇಚ್ಛವಾಗಿ ಗಾಳಿಯಾಡಿದರೆ ಇದ್ದಿಲಿನ ಇಂಗಾಲವು ಆಮ್ಲಜನಕದೊಡನೆ ಸೇರಿ ಇಂಗಾಲದ ಡೈ ಆಕ್ಸೈಡಾಗುತ್ತದೆ. ಅದು ಮತ್ತೆ ಉರಿಯುವ ವಸ್ತುವಲ್ಲ. ಆದರೆ ಪೀಪಾಯಿಯೊಳಕ್ಕೆ ಗಾಳಿ ಹೋಗಲು ಇದ್ದುದು ಒಂದು ಕಿರಿದಾದ ದಾರಿ. ಅಲ್ಲಿ ಉಂಟಾದ ಡೈ ಆಕ್ಸೈಡು ಸಾವಿರ ಡಿಗ್ರಿ ಸೆಂಟಿಗ್ರೇಡಿನಷ್ಟು ಕಾದ ಇದ್ದಿಲಿನ ದಪ್ಪ ಪದರವನ್ನು ಹಾಯ್ದು ಬರಬೇಕು. ಹಾಗೆ ಹಾಯುವಾಗ ಇನ್ನಷ್ಟು ಇಂಗಾಲವನ್ನು ಕೂಡಿಕೊಂಡು ಅದು ಇಂಗಾಲದ ಮಾನಾಕ್ಸೈಡಾಗುತ್ತದೆ. ಇದು ಉರಿಯುವ ಅನಿಲ. ಇದ್ದಿಲಿನ ತೇವದಿಂದ ಸ್ವಲ್ಪ ಜಲಜನಕವೂ ಹುಟ್ಟಿ ಅದರೊಡನೆ ಬೆರೆಯುತ್ತದೆ.

ಅನಿಲವನ್ನು ಬಿಸಿಬಿಸಿಯಾಗಿ ಎಂಜಿನ್ನಿಗೆ ಕೊಡುವಂತಿಲ್ಲ. ಬೂದಿಯ ಕಣಗಳು ಸಿಲಿಂಡರನ್ನು ಸವೆಸುತ್ತವೆ. ಅಲ್ಲದೆ ಕಾದ ಅನಿಲ ಹಿಗ್ಗಿರುವುದರಿಂದ ಪ್ರತಿಸಲವೂ ಸಿಲಿಂಡರಿನೊಳಕ್ಕೆ ಕಡಮೆ ಇಂಧನ ಹೋಗುತ್ತದೆ. ಆದ್ದರಿಂದ ಉದ್ದನೆಯ ಕೊಳವೆಗಳಲ್ಲಿ ಅದನ್ನು ಹರಿಸಿ ತಣಿಸಿ, ನಾರು ಬಟ್ಟೆಗಳ ಮೂಲಕ ಸೋಸುತ್ತಿದ್ದರು. ಹೊರಡುವ ಮೊದಲು ಬಸ್ಸಿನ ಆಳು ಕೈಯಿಂದ ಬೀಸಣಿಗೆಯನ್ನು ತಿರುಗಿಸಿ ಬೆಂಕಿಯನ್ನು ಎಬ್ಬಿಸಬೇಕು. ಕೊಳವೆಯ ಬಾಯಿಗೆ ಕಡ್ಡಿ ಗೀರಿ ಹಿಡಿದಾಗ ಅನಿಲ ಸ್ಥಿರವಾಗಿ ಉರಿದರೆ ಹೊರಡಬಹುದು. ಆಮೇಲೆ ಎಂಜಿನ್ನೇ ತನ್ನ ಹೀರುವಿಕೆಯಿಂದ ಬೆಂಕಿಯನ್ನು ಕಾಪಾಡಿಕೊಳ್ಳುತ್ತಿತ್ತು.

ಏರುದಾರಿಯಲ್ಲಿ ಪ್ರಯಾಣಿಕರು ಇಳಿದು ಬಸ್ಸನ್ನು ತಳ್ಳಿದ ಸಂಗತಿಯನ್ನು ಆ ಕಾಲದವರು ನಗುತ್ತ ಹೇಳುತ್ತಿದ್ದರು. ಇದಕ್ಕೆ ಚಾಲಕನ ಅಸಾಮರ್ಥ್ಯ ಕಾರಣವಲ್ಲ. ಗಾಳಿಯ ಐದರಲ್ಲಿ ನಾಲ್ಕು ಪಾಲು ಸಾರಜನಕ. ಅದು ಪೀಪಾಯಿಯಲ್ಲಿ ಯಾವ ಬದಲಾವಣೆಯನ್ನೂ ಹೊಂದದೆ ಹಾಗೆಯೇ ಹೊರಬರುತ್ತದೆ. ಹೀಗಾಗಿ ತಯಾರಾದ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಉರಿಯದ ಸಾರಜನಕವೇ! ಪೆಟ್ರೋಲಿನಲ್ಲಿ ದೊರೆಯುತ್ತಿದ್ದ ಬಲದಲ್ಲಿ ಮೂರನೆಯ ಒಂದು ಪಾಲಾದರೂ ಇದರಿಂದ ನಷ್ಟವಾಗುತ್ತಿತ್ತು.

ಇನ್ನೊಂದು ಅಪಾಯ ಕಣ್ಣಿಗೆ ಕಾಣುವಂಥದಲ್ಲ. ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಕೆಂಪು ದ್ರವ್ಯವು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾಗಿ ಇದನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಬಸ್ಸು ಓಡುತ್ತಿರುವಾಗ ಎಂಜಿನ್ನು ಅನಿಲವನ್ನು ಹೀರುತ್ತಿರುವುದರಿಂದ, ಬಿರುಕಿದ್ದರೂ ಹೊರಗಿನ ಗಾಳಿ ಒಳಗೆ ಹೋಗುವುದೇ ಹೊರತು ಅನಿಲ ಹೊರಗೆ ಬಾರದು. ಬಸ್ಸು ನಿಂತ ಮೇಲೆ ಸ್ಥಿತಿ ತಿರುಗುಮುರುಗು. ಕೆಂಡ ಇನ್ನೂ ಅನಿಲವನ್ನು ಹುಟ್ಟಿಸುತ್ತಿರುತ್ತದೆ, ಹೀರುವವರಿಲ್ಲ. ಆದ್ದರಿಂದ ಓಡುವ ಬಸ್ಸಿಗಿಂತ ಮುಚ್ಚಿದ ಕೊಟ್ಟಿಗೆಯಲ್ಲಿ ನಿಂತ ಬಸ್ಸೇ ಹೆಚ್ಚು ಅಪಾಯಕರ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಅಗ್ಗಿಷ್ಟಿಕೆಯಿಟ್ಟು ಮಲಗಬಾರದೆಂಬುದಕ್ಕೂ ಈ ಅನಿಲವೇ ಕಾರಣ.

ಇನ್ನು ಖರ್ಚಿನ ಲೆಕ್ಕ. ಒಂದು ಲೀಟರು ಪೆಟ್ರೋಲಿನ ಕೆಲಸಕ್ಕೆ ಸುಮಾರು ಒಂದೂವರೆ ಕಿಲೋಗ್ರಾಂ ಇದ್ದಿಲು ಬೇಕು. ತುಮಕೂರಿನಿಂದ ಮಧುಗಿರಿಯ ಮೇಲೆ ಪಾವಗಡಕ್ಕೆ ಸುಮಾರು 100 ಕಿಲೋಮೀಟರು. ಲೀಟರಿಗೆ ನಾಲ್ಕು ಕಿಲೋಮೀಟರು ಓಡುವ ಬಸ್ಸೆಂದು ಭಾವಿಸಿದರೆ, 25 ಲೀಟರಿಗೆ ಬದಲಾಗಿ 37 ಕಿಲೋಗ್ರಾಮಿಗಿಂತ ತುಸು ಹೆಚ್ಚು ಇದ್ದಿಲು ಸಾಕು. ಅಗ್ಗವೆನಿಸುತ್ತದೆ, ಅಲ್ಲವೆ? ಆದರೆ ಮಣ್ಣು ಮುಚ್ಚಿ ಸುಡುವ ಗೂಡಿನಲ್ಲಿ ಒಂದು ಕಿಲೋಗ್ರಾಂ ಇದ್ದಿಲಿಗೆ ಐದು ಕಿಲೋಗ್ರಾಮಿನಷ್ಟು ಒಣಕಟ್ಟಿಗೆ ಬೇಕು. ಎಂದರೆ ಒಂದೇ ಒಂದು ಪ್ರಯಾಣಕ್ಕೆ 190 ಕಿಲೋಗ್ರಾಂ ಕಟ್ಟಿಗೆ! ಮಳೆ ಕಡಮೆಯಾದ ಈ ಸೀಮೆಯ ಕಾಡು ಆ ಹೊರೆಯನ್ನು ಬಹುಕಾಲ ಹೊರಲಾರದು.

ಯುದ್ಧ ಮುಗಿದು ಪೆಟ್ರೋಲು ಮರಳಿತು. ಡೀಸೆಲ್ ಬಸ್ಸುಗಳು ಬಂದುವು. ಪೀಪಾಯಿಗಳು ಮೂಲೆ ಸೇರಿದುವು. ಆದರೆ ತತ್ತ್ವ ಸಾಯಲಿಲ್ಲ. ಕಟ್ಟಿಗೆಯನ್ನೇ ನೇರವಾಗಿ ಬಳಸಿದರೆ ಇದ್ದಿಲು ಸುಡುವಾಗಿನ ನಷ್ಟ ತಪ್ಪುತ್ತದೆ. ಆದರೆ ಕಟ್ಟಿಗೆಯಿಂದ ಹೊರಡುವ ಡಾಂಬರಿನಂಥ ಅಂಟು ಎಂಜಿನ್ನನ್ನು ಕೆಡಿಸುತ್ತದೆ. ಅನಿಲವನ್ನು ಮೇಲಿನಿಂದ ಕೆಳಕ್ಕೆ ಕೆಂಡದ ಮೂಲಕವೇ ಎಳೆದರೆ ಆ ಅಂಟು ಬಹುಮಟ್ಟಿಗೆ ಒಡೆದುಹೋಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಈ ಬಗೆಯ ಉಪಕರಣವನ್ನು ರೂಪಿಸಿ, 1988ರಲ್ಲಿ ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯಲ್ಲಿ ದೀಪ ಬೆಳಗಿಸಿದರು. ಕೊರಟಗೆರೆ ತಾಲ್ಲೂಕಿನ ಕಬ್ಬಿಗೆರೆಯಲ್ಲಿ 2007ರಲ್ಲಿ 500 ಕಿಲೋವಾಟ್ ಸಾಮರ್ಥ್ಯದ ಸ್ಥಾವರವೇ ನಡೆಯತೊಡಗಿತು. ಅಲ್ಲಿ ಕಟ್ಟಿಗೆಗಾಗಿ ನೆಡುತೋಪುಗಳನ್ನು ಬೆಳೆಸುವುದೂ ಯೋಜನೆಯ ಒಂದು ಅಂಗವಾಗಿತ್ತು.

ಬಸ್ಸಿನ ಕಾಲಕ್ಕೂ ಕಬ್ಬಿಗೆರೆಯ ಕಾಲಕ್ಕೂ ಇರುವ ಮುಖ್ಯ ವ್ಯತ್ಯಾಸ ಇದೇ. ಅಂದು ಬೆಳೆದು ನಿಂತಿದ್ದುದನ್ನು ಕಡಿದು ಉರಿಸಿದೆವು. ಇಂದು ಉರಿಸುವ ಮೊದಲು ಬೆಳೆಸಬೇಕೆಂಬುದನ್ನು ಕಲಿತಿದ್ದೇವೆ. ಹಳೆಯ ವಾಹನವೊಂದನ್ನು ಮುಂದೆ ಎಲ್ಲಿಯಾದರೂ ಕಂಡಾಗ, ಅದು ಎಷ್ಟು ವೇಗವಾಗಿ ಓಡುತ್ತಿತ್ತೆಂದು ಕೇಳುವುದರ ಜೊತೆಗೆ ಏನನ್ನು ತಿಂದು ಓಡುತ್ತಿತ್ತೆಂದೂ ಕೇಳೋಣ.